ಲಂಡನ್ ನೋಡಲು ಪ್ರವಾಸಿ ಬಸ್ಸೋ, ಟ್ಯೂಬೋ, ಊರಿನ ಕೆಂಪು ಬಸ್ಸೋ?

2024ರ ಜೂನ್ ತಿಂಗಳಿನಲ್ಲಿ ನಾನೂ ನನ್ನ ಹೆಂಡತಿಯೂ ಹತ್ತು ದಿನ ಲಂಡನ್ನಿನಲ್ಲಿದ್ದೆವು. ಊರು ಸುತ್ತಲು ತೆರೆದ ಮಹಡಿಯ ಪ್ರವಾಸಿ ಬಸ್ಸು, ನೆಲದಡಿಯ ಟ್ಯೂಬ್ ರೈಲು, ಅಲ್ಲಿಯವರು ದಿನವೂ ಕೆಲಸಕ್ಕೆ ಹೋಗುವ ಕೆಂಪು ಡಬಲ್ ಡೆಕ್ಕರ್ ಬಸ್ಸು, ಮೂರನ್ನೂ ಹತ್ತಿ ಇಳಿದೆವು. ನನ್ನ ಓಟು ಕೆಂಪು ಬಸ್ಸಿಗೆ. ಆ ಬುದ್ಧಿ ಬಂದದ್ದು ಮಾತ್ರ ಎಂಬತ್ತು ಪೌಂಡ್ ಕೈಬಿಟ್ಟ ಮೇಲೆ.

ಎರಡನೆಯ ದಿನ ಮಧ್ಯಾಹ್ನ ಒಂದೂವರೆಗೆ ಟ್ರಫಾಲ್ಗರ್ ಚೌಕದಲ್ಲಿ ಜಾಕೆಟ್ ತೊಟ್ಟ ಹುಡುಗನೊಬ್ಬ ನಮ್ಮನ್ನು ಹಿಡಿದ. ಎಲ್ಲಿ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಿರಿ, 24 ಗಂಟೆಯ ಟಿಕೆಟ್ ಎಂದ. ಒಬ್ಬರಿಗೆ ಸುಮಾರು 40 ಪೌಂಡ್. ಆ 24 ಎನ್ನುವ ಅಂಕಿಗೆ ನಾನು ಬಿದ್ದೆ. ಇವತ್ತು ಅರ್ಧ ಊರು, ನಾಳೆ ಇನ್ನರ್ಧ ಎಂದು ನಿಂತಲ್ಲೇ ಲೆಕ್ಕ ಹಾಕಿದೆ.

ಟಿಕೆಟ್ಟಿಗೆ 24 ಗಂಟೆ ಜೀವವಿತ್ತು, ಬಸ್ಸಿಗೆ ಇರಲಿಲ್ಲ. ಟವರ್ ಆಫ್ ಲಂಡನ್ನಿನ ಬಳಿ ಇಳಿದು, ಕೋಟೆಯನ್ನು ಹೊರಗಿನಿಂದಲೇ ಒಂದು ಸುತ್ತು ಹಾಕಿ, ಟವರ್ ಬ್ರಿಜ್ ಮೇಲೆ ಫೋಟೋ ತೆಗೆದುಕೊಂಡು ಐದೂವರೆಯ ಹೊತ್ತಿಗೆ ನಿಲ್ದಾಣಕ್ಕೆ ಬಂದರೆ ಕೊನೆಯ ಬಸ್ಸು ಹೋಗಿಯಾಗಿತ್ತು. ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಕತ್ತಲಾಗಲು ಇನ್ನೂ ಮೂರೂವರೆ ಗಂಟೆ ಇರುವಾಗಲೇ ನಮ್ಮ 24 ಗಂಟೆ ಮಲಗಿಬಿಟ್ಟಿತ್ತು. ಮರುದಿನ ಒಂದೂವರೆಯೊಳಗೆ ಉಳಿದದ್ದನ್ನು ಬಳಸಿಕೊಳ್ಳಬಹುದಿತ್ತು ನಿಜ, ಆದರೆ ಅಂದು ಗ್ರೀನಿಚ್‌ಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ನಾಲ್ಕು ಗಂಟೆಗೆ ಎಂಬತ್ತು ಪೌಂಡ್. ಅದರಲ್ಲೂ ಒಂದು ಗಂಟೆ ಜಿಟಿಜಿಟಿ ಮಳೆ, ಒದ್ದೆ ಸೀಟನ್ನು ಕರವಸ್ತ್ರದಿಂದ ಒರೆಸಿ ಕುಳಿತದ್ದು. ಅವರು ಕೊಟ್ಟ ಇಯರ್‌ಫೋನಿನ ಎಡಗಿವಿಯಲ್ಲಿ ಮಾತ್ರ ಇತಿಹಾಸ ಕೇಳುತ್ತಿತ್ತು.

ಹಾಗೆ ಪೆಚ್ಚಾಗಿ ನಿಂತಿದ್ದಾಗಲೇ 15ನೇ ನಂಬರಿನ ಕೆಂಪು ಬಸ್ಸು ಬಂತು, ಹಣೆಯ ಮೇಲೆ ಟ್ರಫಾಲ್ಗರ್ ಚೌಕ ಎಂದು ಬರೆದುಕೊಂಡು. ಮೇಲ್ಮಹಡಿಗೆ ಹತ್ತಿದೆವು. ಸೇಂಟ್ ಪಾಲ್ಸ್ ಗುಮ್ಮಟ, ಫ್ಲೀಟ್ ಸ್ಟ್ರೀಟ್, ಸ್ಟ್ರ್ಯಾಂಡ್. ಮಧ್ಯಾಹ್ನ ನಲವತ್ತು ಪೌಂಡ್ ಕೊಟ್ಟು ನೋಡಿದ್ದನ್ನೇ ಸಂಜೆ 1.75 ಪೌಂಡಿಗೆ, ತಲೆಯ ಮೇಲೆ ಸೂರು ಇಟ್ಟುಕೊಂಡು ನೋಡಿದೆವು. ನನ್ನವಳು ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಮರುದಿನದಿಂದ ಅದೇ ನಮ್ಮ ವಾಹನ. 2024ರ ಆ ದರದಲ್ಲಿ, ಮೊದಲ ಸಲ ಹತ್ತಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅದೇ 1.75. ಬಸ್ಸಿನಲ್ಲಷ್ಟೇ ತಿರುಗಿದರೆ ದಿನಕ್ಕೆ 5.25ಕ್ಕಿಂತ ಹೆಚ್ಚು ಮುರಿಯುತ್ತಿರಲಿಲ್ಲ. ನಾನು ತೆತ್ತ ಒಂದು ಪ್ರವಾಸಿ ಟಿಕೆಟ್ಟಿನ ಹಣದಲ್ಲಿ ಒಬ್ಬರು ಏಳು ದಿನ ಸುತ್ತಬಹುದಿತ್ತು. ನಗದು ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಹಿಡಿದು ಹೋಗಬೇಡಿ. ಬಸ್ಸಿನ ಯಂತ್ರಕ್ಕೆ ತೋರಿಸಿದರೆ ಹಣ ಮುರಿದುಕೊಳ್ಳುವ ಬ್ಯಾಂಕ್ ಕಾರ್ಡ್ ಒಬ್ಬೊಬ್ಬರಿಗೂ ಬೇರೆ ಬೇಕು. ಒಂದೇ ಖಾತೆಯಾದರೂ ಮೊಬೈಲು ಬೇರೆ, ಕಾರ್ಡು ಬೇರೆ ಎಂದು ಯಂತ್ರ ಲೆಕ್ಕ ಹಾಕುವುದರಿಂದ ಬೆಳಿಗ್ಗೆ ಯಾವುದನ್ನು ತೋರಿಸಿದಿರೋ ಸಂಜೆಯವರೆಗೂ ಅದನ್ನೇ ತೋರಿಸಿ.

ನಾವು ಉಳಿದದ್ದು ಹ್ಯಾಮರ್‌ಸ್ಮಿತ್‌ನಲ್ಲಿ. 9ನೇ ನಂಬರು ಹೊರಡುವುದೇ ಅಲ್ಲಿಂದ, ಹಾಗಾಗಿ ಮೇಲ್ಮಹಡಿಯ ಮುಂದಿನ ಸೀಟು ಬಹುತೇಕ ನಮ್ಮದೇ. ಮರದ ಕೊಂಬೆಗಳು ಮುಂದಿನ ಗಾಜಿಗೆ ಟಪಟಪ ಬಡಿಯುವಾಗ ಮೊದಲೆರಡು ಸಲ ಇಬ್ಬರೂ ತಲೆ ತಗ್ಗಿಸಿದೆವು. ಆಲ್ಬರ್ಟ್ ಹಾಲಿನ ಬಳಿ ಇಳಿದು ಹತ್ತು ನಿಮಿಷ ನಡೆದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಂದಿಗೂ ಬಿಳಿಯ ಸಿಪಾಯಿಯ ಮೇಲೆ ಕುಳಿತಿದೆ. ಇನ್ನೊಂದು ದಿನ ವಾಟರ್ಲೂನಿಂದ 77 ಹಿಡಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ, 2015ರಲ್ಲಿ ಥೇಮ್ಸ್ ದಡದಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಗೆ ಕೈಮುಗಿದು ಬಂದೆವು. ನಾವು ಹತ್ತಿದ್ದ ಪ್ರವಾಸಿ ಬಸ್ಸಿನ ನಕ್ಷೆಯಲ್ಲಿ ಬಸವಣ್ಣ ಇರಲಿಲ್ಲ.

ಟ್ಯೂಬ್ ವೇಗದಲ್ಲಿ ಎಲ್ಲಕ್ಕಿಂತ ಮುಂದೆ, ಅದರಲ್ಲಿ ತಕರಾರಿಲ್ಲ. ಹೀಥ್ರೂ ವಿಮಾನ ನಿಲ್ದಾಣದಿಂದ ಹ್ಯಾಮರ್‌ಸ್ಮಿತ್‌ಗೆ ಪಿಕಡಿಲಿ ಮಾರ್ಗದಲ್ಲಿ ಸೀದಾ ಬಂದೆವು, ಪೆಟ್ಟಿಗೆಗಳಿದ್ದಾಗ ಅದೇ ಸರಿ. ಆದರೆ ಊರು ನೋಡಲು ಬಂದವರಿಗೆ ಕಾಣುವುದು ಸುರಂಗದ ಕಪ್ಪು ಗೋಡೆ. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿನ ಮುಂದಿನ ಸಾಲು ನೋಡಿ ಮೆಟ್ಟಿಲು ಹತ್ತೋಣ ಎಂದದ್ದು ನಾನೇ. ಒಟ್ಟು 193 ಮೆಟ್ಟಿಲು ಎಂದು ಫಲಕ ಹೇಳುತ್ತಿತ್ತು, ನಾನು ಗಮನಿಸಿರಲಿಲ್ಲ. ಆಕೆಯ ಮಂಡಿ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಎರಡೇ ದಿನದ ಮಟ್ಟಿಗೆ ಹೋಗುವವರು, ಗಡಿಯಾರ ಹಿಡಿದು ತಿರುಗುವವರು ಟ್ಯೂಬ್ ಹಿಡಿಯಲಿ. ನಾವಿದ್ದಾಗ ಬಸ್ಸು ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಸಂಜೆ ಎತ್ತಿನ ಗಾಡಿಯಾಗುತ್ತಿತ್ತು. ನಮಗೆ ಅವಸರವಿರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು, ಕೋಣೆಯಲ್ಲೇ ಅವಲಕ್ಕಿ ಕಲಸಿಕೊಂಡು ಹೊರಡುವವರು ನಾವು. ಪ್ರವಾಸಿ ಬಸ್ಸೇ ಬೇಕೆನ್ನುವವರು ಬೆಳಿಗ್ಗೆಯೇ ಹತ್ತಲಿ, ಕೊಳ್ಳುವ ಮುನ್ನ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲಿ. ಮಧ್ಯಾಹ್ನ ಒಂದೂವರೆಗೆ ಟ್ರಫಾಲ್ಗರ್ ಚೌಕದಲ್ಲಿ ಜಾಕೆಟ್ ತೊಟ್ಟ ಹುಡುಗ ಸಿಕ್ಕರೆ, ಪಕ್ಕದಲ್ಲೇ 15 ಬರುತ್ತದೆ.