ಪವರ್‌ಪಾಯಿಂಟ್ ಕಲಿಸೋ ಆನ್‌ಲೈನ್ ಕೋರ್ಸ್: ಅರ್ಧ ಸ್ಕಿಪ್ ಮಾಡಿ, ಇನ್ನರ್ಧ ಎರಡು ಸಲ ನೋಡಿ

ಪ್ರೊಫೆಷನಲ್ ಆಗಿ ಪಿಪಿಟಿ ಮಾಡೋದು ಕಲಿಸ್ತೀವಿ ಅನ್ನೋ ಒಂದು ವಿಡಿಯೋ ಕೋರ್ಸ್ ಮುಗಿಸಿದೆ. ಹೆಸರು ಬೇಡ ಬಿಡಿ, ಈ ಥರದ ಕೋರ್ಸ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಲ್ಲಿ ಇರ್ತವೆ, ನೀವು ಯಾವುದಕ್ಕೆ ಸೇರ್ಕೊಂಡ್ರೂ ಇದು ಉಪಯೋಗಕ್ಕೆ ಬರುತ್ತೆ. ಐದಕ್ಕೆ ಮೂರೂವರೆ ಸ್ಟಾರ್. ಅದ್ರಲ್ಲಿ ಎರಡು ಸ್ಟಾರ್ ಬರೀ ಸ್ಲೈಡ್ ಮಾಸ್ಟರ್ (ಎಲ್ಲಾ ಸ್ಲೈಡ್‌ಗಳ ಫಾಂಟ್, ಜಾಗ ಒಂದೇ ಕಡೆ ಸೆಟ್ ಮಾಡೋ ಮೂಲ ಸ್ಲೈಡ್) ಪಾಠಕ್ಕೆ.

ಶುರುನಲ್ಲಿ ಎಲ್ಲಾ ಮಾಮೂಲಿ. ಹೊಸ ಸ್ಲೈಡ್ ಹಾಕೋದು, ಫೋಟೋ ಸೇರಿಸೋದು, ಸೇವ್ ಮಾಡೋದು, ಜೊತೆಗೆ ಹಿಸ್ಟರಿ ಬೇರೆ. 1987ರಲ್ಲಿ ಫೋರ್‌ಥಾಟ್ ಅನ್ನೋ ಕಂಪನಿ ಪವರ್‌ಪಾಯಿಂಟನ್ನ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಅಂತ ಬಿಟ್ಟಿತ್ತು, ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿನೇ 14 ಮಿಲಿಯನ್ ಡಾಲರ್‌ಗೆ ಕೊಂಡ್ಕೊಳ್ತು ಅಂತ. ಪವರ್‌ಪಾಯಿಂಟ್ ಮೊದಲು ಬಂದಿದ್ದು ಮ್ಯಾಕ್‌ಗೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೇಳೋಕೆ ಚೆನ್ನಾಗಿದೆ, ಆದ್ರೆ ನಾಳೆ ಬೆಳಗ್ಗೆ ಮೀಟಿಂಗ್ ಇಟ್ಕೊಂಡೋರಿಗೆ ಇದ್ಯಾವುದೂ ಬೇಡ, ಆರಾಮಾಗಿ ಸ್ಕಿಪ್ ಮಾಡಿ.

ಈಗ ಆ ಸ್ಲೈಡ್ ಮಾಸ್ಟರ್ ಪಾಠ. ಇದನ್ನ ಯಾಕೋ ಕೋರ್ಸ್‌ನ ಹಿಂದುಗಡೆ ತಗೊಂಡೋಗಿ ಬಚ್ಚಿಟ್ಟಿದ್ದಾರೆ, ನಾನಾಗಿದ್ರೆ ಇದನ್ನೇ ಮೊದಲ ಪಾಠ ಮಾಡ್ತಿದ್ದೆ. ಹೇಳಿಕೊಡೋರು ಒಂದು ಹದಗೆಟ್ಟ ಫೈಲ್ ಓಪನ್ ಮಾಡ್ತಾರೆ, ಒಂದೊಂದೇ ಸ್ಲೈಡ್ ಮುಂದಕ್ಕೆ ಹೋದಂಗೆ ಹೆಡಿಂಗ್ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಸ್ವಲ್ಪ ಎಡಕ್ಕೆ ಅಂತ ಕುಣೀತಾ ಇರುತ್ತೆ, ಬಹಳ ಆಫೀಸ್‌ಗಳ ಫೈಲ್ ಹೀಗೇ ಇರೋದು. ಯಾಕೆ ಹೀಗಾಗುತ್ತೆ ಅಂದ್ರೆ ಪ್ರತಿ ಹೆಡಿಂಗೂ ಯಾರೋ ಕೈಯಾರೆ ಎಳೆದ ಟೆಕ್ಸ್ಟ್ ಬಾಕ್ಸ್, ಲೇಔಟ್ (ಸ್ಲೈಡ್‌ನ ರೆಡಿ ವಿನ್ಯಾಸ) ಜೊತೆ ಬರೋ ಪ್ಲೇಸ್‌ಹೋಲ್ಡರ್, ಅಂದ್ರೆ ತುಂಬೋಕೆ ಅಂತ ಮೊದಲೇ ಇಟ್ಟಿರೋ ಖಾಲಿ ಚೌಕ ಅಲ್ಲ. ಆಮೇಲೆ ವ್ಯೂ ಟ್ಯಾಬ್‌ನಿಂದ ಸ್ಲೈಡ್ ಮಾಸ್ಟರ್‌ಗೆ ಹೋಗಿ ಹೆಡಿಂಗ್ ಫಾಂಟ್ ಚೇಂಜ್ ಮಾಡ್ತಾರೆ, ಪ್ಲೇಸ್‌ಹೋಲ್ಡರ್‌ನಲ್ಲಿರೋ ಹೆಡಿಂಗ್ ಎಲ್ಲಾ ಒಂದೇ ಏಟಿಗೆ ಬದಲಾಗುತ್ತೆ, ಟೆಕ್ಸ್ಟ್ ಬಾಕ್ಸ್‌ಗಳು ಮಾತ್ರ ಎಲ್ಲಿದ್ವೋ ಅಲ್ಲೇ ನಮಗೇನೂ ಸಂಬಂಧ ಇಲ್ಲ ಅನ್ನೋಹಂಗೆ ಕೂತಿರ್ತವೆ. ಇದನ್ನ ಕಣ್ಣಾರೆ ನೋಡಿದ ಮೇಲೆ ಥಿಯರಿ ಏನೂ ಹೇಳೋದೇ ಬೇಕಾಗಿಲ್ಲ.

ಇದರಲ್ಲೇ ಒಂದು ಚೆಕಿಂಗ್ ಟ್ರಿಕ್ ಇದೆ, ಅದು ನಂಗೆ ತುಂಬಾ ಹಿಡಿಸ್ತು. ಯಾರಾದ್ರೂ ಫೈಲ್ ಕಳಿಸಿದ್ರೆ ಮೊದಲು ಔಟ್‌ಲೈನ್ ವ್ಯೂ ಓಪನ್ ಮಾಡಿ, ಅಲ್ಲಿ ಪ್ಲೇಸ್‌ಹೋಲ್ಡರ್ ಒಳಗಿರೋ ಅಕ್ಷರ ಮಾತ್ರ ಕಾಣೋದು. ಸ್ಲೈಡ್ ತುಂಬಾ ಅಕ್ಷರ ಇದ್ದು ಔಟ್‌ಲೈನ್ ಖಾಲಿ ಹೊಡೀತಿದ್ರೆ ಎಲ್ಲಾ ಟೆಕ್ಸ್ಟ್ ಬಾಕ್ಸ್‌ನಲ್ಲೇ ಮಾಡಿದ್ದಾರೆ ಅಂತ ಅರ್ಥ, ಅದನ್ನ ರಿಪೇರಿ ಮಾಡೋ ಬದಲು ಹೊಸದಾಗಿ ಮಾಡೋದೇ ವಾಸಿ. ಪ್ಲೇಸ್‌ಹೋಲ್ಡರ್ ಇದ್ದು ಬರೀ ಜಾಗ ಆಚೀಚೆ ಆಗಿದ್ರೆ ಹೋಮ್ ಟ್ಯಾಬ್‌ನಲ್ಲಿ ರೀಸೆಟ್ ಒತ್ತಿದ್ರೆ ಸಾಕು, ಲೇಔಟ್‌ನಲ್ಲಿ ಎಲ್ಲಿತ್ತೋ ಅಲ್ಲಿಗೆ ವಾಪಸ್ ಹೋಗುತ್ತೆ. ಗೂಗಲ್ ಸ್ಲೈಡ್ಸ್ ಬಳಸೋರಿಗೂ ಸ್ಲೈಡ್ ಮಾಸ್ಟರ್ ಲೆಕ್ಕ ಇದೇ, ಅಲ್ಲಿ ಅದಕ್ಕೆ ಥೀಮ್ ಬಿಲ್ಡರ್ ಅಂತಾರೆ ಅಷ್ಟೆ.

ಚಾರ್ಟ್ ಪಾಠಾನೂ ಬಿಡಬೇಡಿ. ಚಾರ್ಟ್ ಚಂದ ಮಾಡೋದಕ್ಕಿಂತ ಅವರು ಹೇಳೋ ಒಂದು ಎಚ್ಚರಿಕೆ ಮುಖ್ಯ: ಎಕ್ಸೆಲ್‌ನಿಂದ ಚಾರ್ಟ್ ಪೇಸ್ಟ್ ಮಾಡುವಾಗ ಎಂಬೆಡ್ ವರ್ಕ್‌ಬುಕ್ ಅನ್ನೋದನ್ನ ಆರಿಸಿದ್ರೆ ಚಾರ್ಟ್ ಜೊತೆ ಇಡೀ ಎಕ್ಸೆಲ್ ಫೈಲೇ ಪಿಪಿಟಿ ಒಳಗೆ ಹೋಗಿ ಕೂರುತ್ತೆ. ಅದನ್ನ ಕ್ಲೈಂಟ್‌ಗೆ ಕಳಿಸಿದ್ರೆ ಅವರು ಎಡಿಟ್ ಡೇಟಾ ಒತ್ತಿ ಬೇರೆ ಶೀಟ್‌ನಲ್ಲಿರೋ ಸಂಬಳದ ಪಟ್ಟಿನೂ ನೋಡ್ಬಹುದು! ಹೊರಗಡೆ ಕಳಿಸೋ ಫೈಲ್ ಆದ್ರೆ ಚಾರ್ಟನ್ನ ಪಿಕ್ಚರ್ ಆಗಿ ಪೇಸ್ಟ್ ಮಾಡಿ, ಇಲ್ಲಾಂದ್ರೆ ಪಿಡಿಎಫ್ ಕಳಿಸಿ.

ಅಡ್ಡ ಬರೋದು ಅನಿಮೇಷನ್ ಭಾಗ. ಎಷ್ಟು ಎಳೆದಿದ್ದಾರೆ ಅಂದ್ರೆ ಕೋರ್ಸ್‌ನಲ್ಲಿ ಎಲ್ಲಕ್ಕಿಂತ ಉದ್ದ ಇರೋದು ಇದೇ, ಅಕ್ಷರ ಹಾರ್ಕೊಂಡ್ ಬರೋದು, ಸುತ್ಕೊಂಡ್ ಬರೋದು, ಪುಟಿಯೋದು, ಎಲ್ಲಾನೂ ಒಂದೊಂದಾಗಿ ತೋರಿಸ್ತಾರೆ, ಮದುವೆ ಮನೆ ಸೀರಿಯಲ್ ಸೆಟ್ ಥರ. ಆಫೀಸ್ ಪ್ರೆಸೆಂಟೇಶನ್‌ಗೆ ಅಪಿಯರ್, ಫೇಡ್ ಬಿಟ್ಟು ಇನ್ನೇನೂ ಬೇಡ ಅನ್ನೋದು ನನ್ನ ಅಭಿಪ್ರಾಯ, ಬೇಕಾದ್ರೆ ಜಗಳ ಆಡಿ. ಇದಕ್ಕೆ ಒಂದೇ ಎಕ್ಸೆಪ್ಷನ್ ಮಾರ್ಫ್ ಟ್ರಾನ್ಸಿಶನ್. ಸ್ಲೈಡ್ ಡುಪ್ಲಿಕೇಟ್ ಮಾಡಿ, ಎರಡನೇದ್ರಲ್ಲಿ ವಸ್ತುಗಳನ್ನ ಸರಿಸಿ ಮಾರ್ಫ್ ಹಾಕಿದ್ರೆ ಒಂದರಿಂದ ಇನ್ನೊಂದಕ್ಕೆ ನೀಟಾಗಿ ಜಾರುತ್ತೆ. ಕೆಲವು ಸಲ ಸಾಫ್ಟ್‌ವೇರ್‌ಗೆ ಯಾವ ಶೇಪ್ ಯಾವುದಾಗ್ಬೇಕು ಅಂತ ತಿಳಿಯಲ್ಲ, ಆವಾಗ ಸೆಲೆಕ್ಷನ್ ಪೇನ್‌ನಲ್ಲಿ (ಸ್ಲೈಡ್‌ನಲ್ಲಿರೋ ವಸ್ತುಗಳ ಹೆಸರಿನ ಪಟ್ಟಿ) ಎರಡೂ ಸ್ಲೈಡ್‌ನ ಶೇಪ್‌ಗೆ ಒಂದೇ ಹೆಸರಿಟ್ಟು ಹೆಸರಿನ ಶುರುನಲ್ಲೇ ಎರಡು ಆಶ್ಚರ್ಯ ಚಿಹ್ನೆ (!!) ಹಾಕ್ಬೇಕು. ಇದನ್ನ ಕೋರ್ಸ್‌ನಲ್ಲಿ ಹೇಳೇ ಇಲ್ಲ, ಅಷ್ಟು ಹೊತ್ತು ಅನಿಮೇಷನ್ ಪಾಠ ಮಾಡಿ ಬೇಕಾಗಿದ್ದನ್ನೇ ಬಿಟ್ಟುಬಿಟ್ರು.

ಸ್ಟೇಜ್ ಮೇಲೆ ನಿಂತು ಮಾತಾಡೋವಾಗ ಬೇಕಾಗೋ ಕೀಲಿಗಳನ್ನ ಚಿಕ್ಕದಾಗಿ ಚೊಕ್ಕವಾಗಿ ಹೇಳಿದ್ದಾರೆ. ಶಿಫ್ಟ್ ಎಫ್5 ಒತ್ತಿದ್ರೆ ಈಗಿರೋ ಸ್ಲೈಡ್‌ನಿಂದಲೇ ಶೋ ಶುರು, ಬಿ ಒತ್ತಿದ್ರೆ ಪರದೆ ಕಪ್ಪಗಾಗುತ್ತೆ ಜನ ನಿಮ್ಮ ಕಡೆ ನೋಡ್ತಾರೆ, ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದ್ರೆ ನೇರ ಆ ಸ್ಲೈಡ್‌ಗೆ ಹೋಗುತ್ತೆ. ಯಾರಾದ್ರೂ ಹಿಂದಿನ ಸ್ಲೈಡ್ ತೋರ್ಸಿ ಅಂದಾಗ ಎಲ್ಲರ ಮುಂದೆ ಒಂದೊಂದೇ ಹಿಂದಕ್ಕೆ ಒತ್ಕೊಂಡು ಹೋಗೋ ಪಾಡು ತಪ್ಪುತ್ತೆ.

ಪ್ರಾಕ್ಟೀಸ್ ಫೈಲ್‌ಗಳು ಚೆನ್ನಾಗಿವೆ, ಆಡಿಯೋನೂ ಕ್ಲಿಯರ್ ಆಗಿದೆ. ಡೌಟ್ ಕೇಳೋ ಜಾಗದಲ್ಲಿ ಮಾತ್ರ ಉತ್ತರ ಕೊಡೋರೇ ದಿಕ್ಕಿಲ್ಲ. ಕೊನೇಲಿ ಸರ್ಟಿಫಿಕೇಟ್ ಕೊಡೋಕೆ ಒಂದು ಕ್ವಿಜ್ ಇಡ್ತಾರೆ, ಅದ್ರಲ್ಲಿ ಬರೀ ಯಾವ ಬಟನ್ ಯಾವ ಟ್ಯಾಬ್‌ನಲ್ಲಿದೆ ಅಂತ ಕೇಳ್ತಾರೆ, ಒಂದೇ ಒಂದು ಸ್ಲೈಡ್ ಮಾಡಿಸಿ ನೋಡಲ್ಲ. ಸರ್ಟಿಫಿಕೇಟ್ ಸಲುವಾಗಿ ಸೇರೋ ಪ್ಲಾನ್ ಇದ್ರೆ ದುಡ್ಡು ಉಳಿಸ್ಕೊಳ್ಳಿ.