ಹೆರಿಗೆ ನೋವಿನ ನಡುವೆ ಮಾಡುವ ಜಿಬಿಎಸ್ ಟೆಸ್ಟ್: ಪುಣೆಯಲ್ಲಿ ನಮ್ಮ ಮನೆಯ ಅನುಭವ

ಮಗಳ ಬಾಣಂತನಕ್ಕೆ ಹುಬ್ಬಳ್ಳಿಯಿಂದ ಪುಣೆಗೆ ಬಂದು ಎರಡು ತಿಂಗಳಾಯ್ತು. ಕೂಸು ಪಕ್ಕದಲ್ಲೇ ಮಲಗಿದೆ, ಅದು ಏಳುವುದರೊಳಗೆ ಬರೆದು ಮುಗಿಸಬೇಕು. ಹೆರಿಗೆ ಆದ ವಾಕಡ್ ಕಡೆಯ ಆಸ್ಪತ್ರೆಯ ಊಟ, ರೂಮು, ಪಾರ್ಕಿಂಗ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನೋವು ಶುರುವಾದ ಮೇಲೆ ಅಲ್ಲಿ ಮಾಡಿದ ಒಂದು ಟೆಸ್ಟಿನ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. 30 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು, ಹಾಗಾಗಿ ಸ್ವಲ್ಪ ವಿವರ ಜಾಸ್ತಿ ಇರುತ್ತೆ.

ಜಿಬಿಎಸ್ ಅಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ಕರುಳಿನಲ್ಲಿ, ಯೋನಿಯಲ್ಲಿ ಸುಮ್ನೆ ಇದ್ದುಬಿಡುವ ಬ್ಯಾಕ್ಟೀರಿಯಾ. ಇದ್ದವರಿಗೆ ಗೊತ್ತೂ ಆಗುವುದಿಲ್ಲ. ಇದು ಲೈಂಗಿಕ ರೋಗ ಅಲ್ಲ, ಸ್ವಚ್ಛತೆ ಕಡಿಮೆಯಾಗಿ ಬರುವುದೂ ಅಲ್ಲ, ನಮ್ಮ ಬೀಗತಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಬೇಕಾಯ್ತು. ಹೆರಿಗೆಯ ಹೊತ್ತಿಗೆ ಕೂಸಿಗೆ ದಾಟಿದರೆ ತೊಂದರೆ. ತಾಯಿಗೆ ಇದ್ದು ಏನೂ ಔಷಧ ಕೊಡದೇ ಹೋದರೆ 100 ಕೂಸುಗಳಲ್ಲಿ ಒಂದೋ ಎರಡೋ ಕಾಯಿಲೆ ಬೀಳುತ್ತವೆ. ಕಡಿಮೆ ಅನ್ನಿಸಬಹುದು. ಆದರೆ ಬಂದರೆ ರಕ್ತಕ್ಕೆ ನಂಜು, ನ್ಯುಮೋನಿಯಾ, ಮೆದುಳು ಜ್ವರ, ಅದೂ ಬಹುಪಾಲು ಹುಟ್ಟಿದ ಮೊದಲ 24 ಗಂಟೆಯೊಳಗೇ.

ಅಮೆರಿಕದಲ್ಲಿ 2002ರಿಂದ ಎಲ್ಲ ಬಸುರಿಯರಿಗೂ ಕೊನೆಯ ವಾರಗಳಲ್ಲಿ ಇದನ್ನು ನೋಡಿ ಅನ್ನುವ ಶಿಫಾರಸು ಇದೆ. ನಮ್ಮಲ್ಲಿ ಹಾಗಿಲ್ಲ, ಡಾಕ್ಟರು ಬರೆದರೆ ಉಂಟು. ನನ್ನ ಮಗಳ ಡಾಕ್ಟರು 36ನೇ ವಾರದಲ್ಲಿ ಬರೆದುಕೊಟ್ಟರು. ಒಂದು ಲ್ಯಾಬಿನಲ್ಲಿ ಸ್ವ್ಯಾಬ್ ಕೊಟ್ಟು ಬಂದಳು, ಮೂರನೇ ದಿನ ನೆಗೆಟಿವ್ ಅಂತ ರಿಪೋರ್ಟ್ ಬಂತು. ನನಗೆ ಸಮಾಧಾನ ಆಗಲಿಲ್ಲ. "ಎಲ್ಲಿಂದ ತೆಗೆದರು?" ಅಂತ ಕೇಳಿದೆ. ಮುಂದೆ ಮಾತ್ರ ಅಂದಳು. ಅದೇ ಸ್ವ್ಯಾಬನ್ನು ಗುದದ್ವಾರದ ಒಳಗೂ ಆಡಿಸಬೇಕು, ಬ್ಯಾಕ್ಟೀರಿಯಾದ ಮೂಲ ಮನೆಯೇ ಅಲ್ಲಿ. ಲ್ಯಾಬಿಗೆ ಫೋನ್ ಮಾಡಿದರೆ, ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಬ್ರಾತ್‌ನಲ್ಲಿ ಒಂದು ರಾತ್ರಿ ಬೆಳೆಸದೆ ನೇರ ಪ್ಲೇಟಿಗೆ ಹಚ್ಚಿದ್ದಾರೆ. ಎರಡೂ ತಪ್ಪು. ಅಂಥ ನೆಗೆಟಿವ್ ನಂಬಿ ಕೂತ ತಾಯಂದಿರು ಎಷ್ಟು ಜನ ಇದ್ದಾರೋ, ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮತ್ತೆ ಮಾಡಿಸೋಣ ಅನ್ನುವಷ್ಟರಲ್ಲಿ 38ನೇ ವಾರದಲ್ಲಿ, ರಾತ್ರಿ 11ರ ಹೊತ್ತಿಗೆ ನೋವು ಬಂತು.

ಡ್ಯೂಟಿ ಡಾಕ್ಟರಿಗೆ ಕೇಸ್ ಪೇಪರ್ ಮಾಡುವಾಗಲೇ ಎಲ್ಲ ಹೇಳಿದೆ. ಪುಣ್ಯಕ್ಕೆ ಅವರು ಕೇಳಿಸಿಕೊಂಡರು. ಹೆರಿಗೆ ಕೋಣೆಯ ಪಕ್ಕದಲ್ಲೇ ಜೀನ್‌ಎಕ್ಸ್‌ಪರ್ಟ್ ಯಂತ್ರ ಇತ್ತು, ನಮ್ಮ ಕಡೆ ಕಫದಲ್ಲಿ ಟಿಬಿ ನೋಡುತ್ತಾರಲ್ಲ, ಅದೇ ಯಂತ್ರ. ಸ್ಯಾಂಪಲ್ ಹಾಕುವ ಡಬ್ಬಿ, ಅಂದರೆ ಕಾರ್ಟ್ರಿಜ್ ಮಾತ್ರ ಬೇರೆ. ಸಿಸ್ಟರ್ ಸ್ವ್ಯಾಬ್ ತೆಗೆದು, ಕಾರ್ಟ್ರಿಜ್‌ನೊಳಗೆ ಇಟ್ಟು, ಕಡ್ಡಿ ಮುರಿದು, ಮುಚ್ಚಳ ಹಾಕಿ ಯಂತ್ರಕ್ಕೆ ಕೊಟ್ಟರು. ಒಂದೆರಡು ನಿಮಿಷದ ಕೆಲಸ. ಮೊದಲನೆಯದು ಎರರ್ ಬಂತು, ಲೋಳೆ ಜಾಸ್ತಿ ಇತ್ತು. ಒರೆಸಿ ಮತ್ತೆ ತೆಗೆದರು. ಮಗಳು ನನ್ನ ಕೈ ಹಿಂಡುತ್ತಿದ್ದಳು, ನನ್ನ ಕಣ್ಣು ಗಡಿಯಾರದ ಮೇಲೆ. ಒಂದು ಗಂಟೆ ಆಗುವುದರೊಳಗೆ ಸಿಸ್ಟರ್ ಬಂದು "ಕಾಕೂ, ಪಾಸಿಟಿವ್ ಆಹೇ" ಅಂದರು.

ಇದು ನನಗೆ ಎಷ್ಟು ದೊಡ್ಡದು ಅಂದರೆ, ನಾನು ಕೆಲಸ ಮಾಡಿದ ಅಷ್ಟೂ ವರ್ಷ ಇದಕ್ಕೆ ಎರಡು ಮೂರು ದಿನ ಬೇಕಾಗುತ್ತಿತ್ತು. ಕುರಿ ರಕ್ತದ ಅಗಾರ್ ಪ್ಲೇಟಿಗೆ ಹಚ್ಚಿ, ಮಾರನೇ ದಿನ ಬೆಳಕಿಗೆ ಹಿಡಿದರೆ ಬೂದುಬಿಳಿ ಚುಕ್ಕಿಗಳ ಸುತ್ತ ಕೂದಲೆಳೆಯಷ್ಟು ತಿಳಿಯಾದ ಉಂಗುರ ಕಾಣುತ್ತಿತ್ತು. ಅದು ಸಾಲದು ಅಂತ ಕ್ಯಾಂಪ್ ಟೆಸ್ಟ್. ಸ್ಟ್ಯಾಫಿಲೊಕಾಕಸ್ ಅನ್ನುವ ಬೇರೆ ಬ್ಯಾಕ್ಟೀರಿಯಾದ ಒಂದು ಗೆರೆ ಎಳೆದು, ಅದಕ್ಕೆ ಅಡ್ಡವಾಗಿ, ತಾಗದಂತೆ ನಮ್ಮದನ್ನು ಹಚ್ಚಿದರೆ ಇನ್ನೊಂದು ರಾತ್ರಿ ಕಳೆದ ಮೇಲೆ ಗೆರೆಗಳು ಹತ್ತಿರವಾಗುವ ಜಾಗದಲ್ಲಿ ಬಾಣದ ತುದಿಯ ಆಕಾರ ಮೂಡುತ್ತಿತ್ತು. ಆ ಬಾಣ ಕಾಣುವಷ್ಟರಲ್ಲಿ ಹೆತ್ತು, ಕೂಸು ಎತ್ತಿಕೊಂಡು ಮನೆಗೆ ಹೋದವರೂ ಇದ್ದರು.

ಯಾಕೆ ಅವಸರ ಅಂದರೆ, ಪಾಸಿಟಿವ್ ಇದ್ದ ತಾಯಿಗೆ ಪೆನಿಸಿಲಿನ್ ಕೂಸು ಹುಟ್ಟುವುದಕ್ಕೆ ಕನಿಷ್ಠ 4 ಗಂಟೆ ಮೊದಲು ನರಕ್ಕೆ ಹೋಗಬೇಕು. "ಮೊದಲೇ ಮಾತ್ರೆ ಕೊಟ್ಟುಬಿಡಬಹುದಲ್ವಾ ಅತ್ತೆ?" ಅಂತ ಅಳಿಯಂದಿರು ಕೇಳಿದ್ದರು. ಕೊಟ್ಟರೂ ಹೆರಿಗೆ ಹೊತ್ತಿಗೆ ಬ್ಯಾಕ್ಟೀರಿಯಾ ಮತ್ತೆ ಬಂದು ಕೂರುತ್ತೆ. ಮಗಳಿಗೆ ಅಲರ್ಜಿ ಇದೆಯಾ ಅಂತ ಟೆಸ್ಟ್ ಡೋಸ್ ಕೊಟ್ಟು ನೋಡಿ, 1 ಗಂಟೆಗೆ 50 ಲಕ್ಷ ಯೂನಿಟ್ ಸಲೈನಿನಲ್ಲಿ ಹಚ್ಚಿದರು, 5ಕ್ಕೆ ಅದರ ಅರ್ಧ. 6 ದಾಟಿದ ಮೇಲೆ ಕೂಸು ಅತ್ತಿತು. ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಇಲ್ಲ, ಕೂಸಿಗೆ ಆ್ಯಂಟಿಬಯೋಟಿಕ್ ಇಲ್ಲ. ಎರಡು ದಿನ ಉಸಿರು, ಮೈ ಬಿಸಿ, ಹಾಲು ಕುಡಿಯುವುದು ನೋಡಿಕೊಂಡರು ಅಷ್ಟೇ.

ಈ ಟೆಸ್ಟಿಗೆ 5 ಅಂಕಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಯಾಕೆ ಅಂದರೆ, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಯಾವ ಔಷಧ ಕೆಲಸ ಮಾಡುತ್ತೆ ಅಂತ ಈ ಯಂತ್ರ ಹೇಳುವುದಿಲ್ಲ, ಅದಕ್ಕೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರೇ ಬೇಕು. ಅಂಥವರು 36ನೇ ವಾರದಲ್ಲೇ ಸರಿಯಾಗಿ ಮಾಡಿಸಿಕೊಳ್ಳಿ. ದುಡ್ಡೂ ಕಲ್ಚರ್‌ಗಿಂತ ಜಾಸ್ತಿ, ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತೆ. ಇನ್ನೊಂದು, ನೆಗೆಟಿವ್ ಬಂದರೂ ಕೂಸಿನ ಮೇಲೆ ಕಣ್ಣಿಡಬೇಕು, ನಮ್ಮ ದೇಶದಲ್ಲಿ ಹಸುಗೂಸುಗಳಿಗೆ ಕ್ಲೆಬ್ಸಿಯೆಲ್ಲಾ, ಇ. ಕೋಲಿ, ಅಸಿನೆಟೊಬ್ಯಾಕ್ಟರ್ ಅನ್ನುವ ಬೇರೆ ಬ್ಯಾಕ್ಟೀರಿಯಾಗಳ ಕಾಟವೇ ಹೆಚ್ಚು. ಅವನ್ನು ಇದು ನೋಡುವುದಿಲ್ಲ.

ಆಸ್ಪತ್ರೆ ಗೊತ್ತು ಮಾಡುವಾಗ "ಯಂತ್ರ ಇದೆಯಾ" ಅಂತಷ್ಟೇ ಕೇಳಬೇಡಿ. ರಾತ್ರಿ 2 ಗಂಟೆಗೆ ಅದನ್ನು ಯಾರು ನಡೆಸುತ್ತಾರೆ ಅಂತ ಕೇಳಿ. ಕೆಳಗಿನ ಲ್ಯಾಬಿನಲ್ಲಿದ್ದು ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುವುದಾದರೆ ನೋವು ತಿನ್ನುವವಳಿಗೆ ಏನು ಪ್ರಯೋಜನ? 37 ವಾರ ತುಂಬದಿದ್ದರೆ, ಜ್ವರ ಇದ್ದರೆ, ನೀರು ಒಡೆದು 18 ಗಂಟೆ ಆಗಿದ್ದರೆ ಯಂತ್ರಕ್ಕೆ ಕಾಯದೆ ಔಷಧ ಶುರು ಮಾಡಬೇಕು. ಈ ಬಸುರಿನಲ್ಲಿ ಮೂತ್ರದಲ್ಲಿ ಜಿಬಿಎಸ್ ಸಿಕ್ಕಿದ್ದರೆ, ಹಿಂದಿನ ಕೂಸಿಗೆ ಈ ಕಾಯಿಲೆ ಆಗಿದ್ದರೆ ಟೆಸ್ಟೇ ಬೇಡ, ನೇರ ಔಷಧ.

ಡಿಸ್ಚಾರ್ಜ್ ದಿನ ಫೈಲ್ ತಿರುವಿದರೆ ಈ ರಿಪೋರ್ಟೇ ಇರಲಿಲ್ಲ. ಕೌಂಟರಿನಲ್ಲಿ ನಿಂತು ಪ್ರಿಂಟ್ ತೆಗೆಸಿದೆ. ಮುಂದಿನ ಬಸುರಿನಲ್ಲಿ ಡಾಕ್ಟರು ಮೊದಲು ನೋಡಬೇಕಾದ ಕಾಗದ ಅದು. ಈಗ ಕೂಸಿನ ಲಸಿಕೆ ಪುಸ್ತಕದೊಳಗೆ ಇಟ್ಟಿದ್ದೇನೆ.