ಡೇಕ್ರಾನ್ ಬಿ-55 ಹೆದೆ: ಶಿರಸಿಯ ಮಳೆಗಾಲಗಳನ್ನು ಕಂಡ ಮೇಲೆ

ತುದಿಗಳಿಗೆ ಯಾವ ಬಲವರ್ಧನೆಯೂ ಇಲ್ಲದ, 40 ಪೌಂಡ್ ಸೆಳೆತದ ನನ್ನ ಮರದ ಬಿಲ್ಲಿಗೆ ಹಲವು ವರ್ಷಗಳಿಂದ ಬಿ-55 ಎಂಬ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್) ನೂಲಿನ 14 ಎಳೆಯ ಹೆದೆಯನ್ನೇ ಕಟ್ಟುತ್ತಿದ್ದೇನೆ. ಇದರ ಮೇಲೆ ನನಗಿರುವ ದೊಡ್ಡ ದೂರು ಹಿಗ್ಗುವಿಕೆಯದು. ಹೊಸ ಹೆದೆಯನ್ನು ಏರಿಸಿದ ಮೊದಲ ದಿನಗಳಲ್ಲಂತೂ, ಬೆಳಿಗ್ಗೆ ಹಿಡಿಕೆಯಿಂದ ಹೆದೆಗೆ ಅಳೆದಿಟ್ಟ ಅಂತರ ಸಂಜೆಯ ಹೊತ್ತಿಗೆ ತಗ್ಗಿ, ಬಾಣ ಬಿಟ್ಟಾಗಲೆಲ್ಲ ಹೆದೆ ಮುಂಗೈಗೆ ಬಡಿಯತೊಡಗುತ್ತದೆ. ಆಗ ಬಿಲ್ಲನ್ನು ಇಳಿಸಿ, ಒಂದು ಕುಣಿಕೆಯನ್ನು ಬಿಡಿಸಿ, ಹುರಿಗೆ ಇನ್ನಷ್ಟು ತಿರುವು ಕೊಟ್ಟು ಮತ್ತೆ ಏರಿಸಬೇಕು. ಇದು ನಿಜಕ್ಕೂ ಬೇಸರದ ಕೆಲಸ.

ಡೈನೀಮಾ ಎಂಬ, ಅಷ್ಟಾಗಿ ಹಿಗ್ಗದ ಕೃತಕ ನೂಲಿನ ಹೆದೆಗಳಿಗೆ ಈ ಕಾಟ ಬಹಳ ಕಡಿಮೆ, ಬಾಣದ ವೇಗವೂ ಹೆಚ್ಚು. ಆದರೆ ಹಿಗ್ಗದ ಹೆದೆ ಬಾಣ ಬಿಟ್ಟ ಕ್ಷಣದ ಆಘಾತವನ್ನು ನೇರವಾಗಿ ಬಿಲ್ಲಿನ ತುದಿಗೆ ದಾಟಿಸುವುದರಿಂದ, ಸಾದಾ ಮರದ ತುದಿಯಲ್ಲಿ ಕುಣಿಕೆ ಕೂರುವ ಕಚ್ಚು ಸೀಳುವ ಅಪಾಯವಿದೆ. ನನ್ನನ್ನು ಸತಾಯಿಸುವ ಆ ಹಿಗ್ಗುವ ಗುಣವೇ ಬಿಲ್ಲನ್ನು ಕಾಯುತ್ತಿದೆ ಎಂದು ಮನವರಿಕೆಯಾದ ಮೇಲೆ ನನ್ನ ಸಿಟ್ಟು ಬಹುಮಟ್ಟಿಗೆ ಇಳಿದಿದೆ.

ಎಳೆಗಳ ಸಂಖ್ಯೆಯನ್ನು ಕೇವಲ ಬಲದ ಲೆಕ್ಕದಿಂದ ನಿರ್ಧರಿಸಬೇಕಿಲ್ಲ. ಡೇಕ್ರಾನಿನ ಒಂದೊಂದು ಎಳೆಯೂ ಸುಮಾರು 50 ಪೌಂಡ್ ತಡೆಯುವುದರಿಂದ 12 ಎಳೆಯ ಹೆದೆಯೂ ಈ ಬಿಲ್ಲಿಗೆ ಧಾರಾಳವಾಗಿ ಸಾಕು. ಆದರೆ ಅದು ಇನ್ನೂ ಹೆಚ್ಚು ಹಿಗ್ಗುತ್ತದೆ, ತೆಳುವಾಗಿರುವುದರಿಂದ ಬೆರಳಿಗೂ ಕೊರೆಯುತ್ತದೆ. 16 ಎಳೆಯದು ಭಾರವಾಗಿ ಬಾಣವನ್ನು ನಿಧಾನಗೊಳಿಸುತ್ತದೆ. 14 ಎಳೆಯ ಮೇಲೆ ನಡುವಿನ ಸುತ್ತುನೂಲು (ಬಾಣ ಕೂರುವ ಜಾಗದಲ್ಲಿ ಹೆದೆಗೆ ಸುತ್ತುವ ನೂಲು) ಸುತ್ತಿದರೆ ನನ್ನ ಬಾಣದ ಕಚ್ಚು ಅದನ್ನು ಹಿತವಾಗಿ ಹಿಡಿಯುತ್ತದೆ: ಬಾಣ ತೂಗಾಡಿದರೂ ಬೀಳದು, ಹೆದೆಯನ್ನು ಬೆರಳಿನಿಂದ ತಟ್ಟಿದೊಡನೆ ಕಳಚಿಕೊಳ್ಳುತ್ತದೆ.

ಚರ್ಮದ ಕೈಪಟ್ಟಿಗೆ ಬೂಷ್ಟು ಹಿಡಿಯುವ ನಮ್ಮ ಆಷಾಢದಲ್ಲಿಯೂ ಈ ಹೆದೆ ಕೆಟ್ಟಿಲ್ಲ, ಏಕೆಂದರೆ ಪಾಲಿಯೆಸ್ಟರ್ ನೂಲು ನೀರನ್ನು ಹೀರಿಕೊಳ್ಳುವುದು ಅತ್ಯಲ್ಪ. ಆದರೂ ಮೇಣ ಹಚ್ಚುವುದನ್ನು ನಾನು ತಪ್ಪಿಸುವುದಿಲ್ಲ. ಪರಿಚಯದ ಜೇನು ಸಾಕುವವರೊಬ್ಬರಿಂದ ತಂದ ತುಡುವೆ ಜೇನಿನ ಮೇಣದ ಉಂಡೆಯನ್ನು ಹೆದೆಯುದ್ದಕ್ಕೂ ಎಳೆದು, ನಡುವಿನ ಸುತ್ತುನೂಲನ್ನು ಮಾತ್ರ ಬಿಟ್ಟು, ಮಡಿಸಿದ ಚರ್ಮದ ತುಂಡಿನಿಂದ ಬೆರಳಿಗೆ ಬಿಸಿ ತಾಗುವವರೆಗೆ ಉಜ್ಜುತ್ತೇನೆ. ಮೇಣ ಕರಗಿ ಒಳಗಿಳಿದಂತೆ ಚದುರಿದ ಎಳೆಗಳೆಲ್ಲ ಒಂದಾಗುತ್ತವೆ, ಕೋಣೆಯಲ್ಲಿ ಜೇನಿನ ಪರಿಮಳ ಹರಡುತ್ತದೆ. ದಿನದ ಅಭ್ಯಾಸಕ್ಕಿಂತ ಈ ಹೊತ್ತು ನನಗೆ ಹೆಚ್ಚು ಪ್ರಿಯವಾಗಿದೆ.

ಒಂದು ಸುರುಳಿ ನೂಲಿನಲ್ಲಿ ಹಲವು ಹೆದೆಗಳನ್ನು ಮನೆಯಲ್ಲೇ ಹೊಸೆಯಬಹುದಾದ್ದರಿಂದ ನನ್ನಂಥವರ ಕೈಗೆ ಖರ್ಚೂ ಎಟಕುತ್ತದೆ. ಬಲಪಡಿಸಿದ ತುದಿಗಳಿರುವ ಹೊಸ ಫೈಬರ್‌ಗ್ಲಾಸ್ ಬಿಲ್ಲು ಇದ್ದವರು ಡೈನೀಮಾವನ್ನೇ ಕೊಳ್ಳಲಿ. ಹಳೆಯ ಮರದ ಬಿಲ್ಲಿನವರು ಡೇಕ್ರಾನಿನಲ್ಲಿಯೇ ಉಳಿದು, ಕುಣಿಕೆಯ ಬಳಿ ಒಂದು ಎಳೆ ಕಡಿದದ್ದು ಕಂಡರೂ ಆ ಹೆದೆಯನ್ನು ಬದಲಾಯಿಸಲಿ.